ಅಪಘಾತದ ಅಂಕೆಗಳನ್ನು ಓದುವ ಬಗೆ

ಕೇಂದ್ರದ ರಸ್ತೆ ಸಾರಿಗೆ ಮಂತ್ರಾಲಯವು ವರ್ಷವರ್ಷವೂ ಹೊರತರುವ ರಸ್ತೆ ಅಪಘಾತಗಳ ವರದಿಯನ್ನು ಯಾರೂ ಸಾಹಿತ್ಯವೆಂದು ಓದುವುದಿಲ್ಲ. ಆದರೆ ಅದೂ ಒಂದು ಕಥನವೇ. ಕಥನಕಾರನ ಕಣ್ಣಿಗೆ ಬಿದ್ದುದೇನು, ಬೀಳದೆ ಹೋದುದೇನು ಎಂದು ವಿಮರ್ಶಕನು ಕೇಳಬಹುದಷ್ಟೆ.

2022ರ ಸಂಪುಟವನ್ನು ನೋಡಿ. ಕೇರಳದಲ್ಲಿ 43,910 ಅಪಘಾತ, 4,317 ಸಾವು. ಬಿಹಾರದಲ್ಲಿ 10,801 ಅಪಘಾತ, 8,898 ಸಾವು. ನೂರು ಅಪಘಾತಕ್ಕೆ ಕೇರಳದಲ್ಲಿ ಹತ್ತು ಜನ ಸತ್ತರೆ ಬಿಹಾರದಲ್ಲಿ ಎಂಬತ್ತೆರಡು! ವರದಿಯು ಇದನ್ನು ಅಪಘಾತದ ‘ತೀವ್ರತೆ’ ಎನ್ನುತ್ತದೆ. ಬಿಹಾರದ ಲಾರಿಗಳಿಗೇನು ಕೋಡು ಮೂಡಿವೆಯೆ? ಈ ಅಂಕೆಗಳೆಲ್ಲ ಪೋಲೀಸು ಠಾಣೆಗಳಿಂದ ಬಂದವು. ಹೆಣವನ್ನು ಬಚ್ಚಿಡುವುದು ಕಷ್ಟ. ಮುರಿದ ಕಾಲು ದಾಖಲೆಗೆ ಏರದೆ ಮನೆಗೆ ಹೋಗಿಬಿಡುತ್ತದೆ. ಕೇರಳದ ದೊಡ್ಡ ಅಂಕೆ ಬಹುಮಟ್ಟಿಗೆ ಅಲ್ಲಿನ ಗುಮಾಸ್ತರ ಗುಣವೇ ಹೊರತು ಚಾಲಕರ ಅವಗುಣವಲ್ಲವೆಂದು ನನ್ನ ಅಭಿಪ್ರಾಯ.

ಹಾಗಾದರೆ ಸಾವುಗಳನ್ನಷ್ಟೇ ಹೋಲಿಸೋಣ. ಕರ್ನಾಟಕದಲ್ಲಿ ಆ ವರ್ಷ ಸತ್ತವರು 11,702. 2011ರ ಜನಗಣತಿಯನ್ನು ಹಿಡಿದರೆ ಲಕ್ಷ ಜನಕ್ಕೆ ನಮ್ಮಲ್ಲಿ 19, ಕೇರಳದಲ್ಲಿ 13, ಬಿಹಾರದಲ್ಲಿ ಎಂಟೂವರೆ. ಸಾಲು ತಲೆಕೆಳಗಾಯಿತು! ಬಿಹಾರಕ್ಕೆ ಬೈಗುಳವಿದ್ದಲ್ಲಿ ಈಗ ನಮಗೇ ಬೈಗುಳ. ಇದನ್ನೂ ಪೂರಾ ನಂಬುವಂತಿಲ್ಲ. 2021ಕ್ಕೆ ಭಾರತ ಒಪ್ಪಿಸಿದ ಲೆಕ್ಕ 1,53,972 ಸಾವು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು 2,16,000ಕ್ಕೂ ಮಿಗಿಲು. ಹೆಣವೂ ಕೆಲವೊಮ್ಮೆ ಪುಸ್ತಕದಿಂದ ಜಾರುತ್ತದೆ.

ಇನ್ನು ವಾಹನಗಳ ಸಂಖ್ಯೆಯಿಂದ ಭಾಗಿಸಿದರೆ? ಗುಜರಿಗೆ ಹೋದ ಬಂಡಿಯ ಹೆಸರೂ ನೋಂದಣಿಯಲ್ಲಿ ಉಳಿದೇ ಇರುತ್ತದೆ. ಅದಲ್ಲದೆ, ಕಾಯ್ಕಿಣಿಯ ಬದಿಯಲ್ಲಿ 66ನೆಯ ರಾಷ್ಟ್ರೀಯ ಹೆದ್ದಾರಿ ಹಾದಿದೆ. ಪನವೇಲದಿಂದ ಕನ್ಯಾಕುಮಾರಿಯವರೆಗಿನ ದಾರಿ. ಕೇರಳದ ಮೀನಿನ ಲಾರಿ ಗೋವೆಗೆ ಹೊರಟು ಇಲ್ಲಿ ಮಗುಚಿದರೆ ಅಪಘಾತ ಉತ್ತರ ಕನ್ನಡದ ಲೆಕ್ಕಕ್ಕೆ, ಲಾರಿ ಕೇರಳದ ಲೆಕ್ಕಕ್ಕೆ. ಭಾಜ್ಯ ಒಂದೂರಿನದು, ಭಾಜಕ ಇನ್ನೊಂದೂರಿನದು. ಶಾಲೆಯಲ್ಲಿ ಇಂಥ ಲೆಕ್ಕಕ್ಕೆ ಮಾಸ್ತರರು ಕಿವಿ ಹಿಂಡುತ್ತಿದ್ದರು.

ಅದೇ 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಹೊತ್ತು ಕುಂದಾಪುರದ ಕಡೆ ಧಾವಿಸಿದ ಆಂಬ್ಯುಲೆನ್ಸು ಇದೇ ಹೆದ್ದಾರಿಯ ಶಿರೂರಿನ ಸುಂಕದ ಕಟ್ಟೆಯಲ್ಲಿ ಮಗುಚಿ ನಾಲ್ವರು ತೀರಿಕೊಂಡರು. ತನ್ನಲ್ಲೇ ದೊಡ್ಡ ಆಸ್ಪತ್ರೆ ಬೇಕೆಂದು ಉತ್ತರ ಕನ್ನಡ ಜಿಲ್ಲೆ ಆಗ ಕೂಗಾಡಿತು. ಶಿರೂರು ಉಡುಪಿ ಜಿಲ್ಲೆಯದು. ಜಿಲ್ಲಾವಾರು ಪಟ್ಟಿಯ ಕ್ರಮದಂತೆ ಆ ನಾಲ್ವರೂ ಉಡುಪಿಯ ಅಂಕೆಯಾದರು.