ಐನೂರ್ವರು ತುಂಬಿಸಿದ ಮೂರನೆಯ ಭಂಡಾರ

ಕೆಲವು ವರ್ಷಗಳ ಹಿಂದೆ ಒಂದು ಸಣ್ಣ ಸಭೆಯಲ್ಲಿ ಅಯ್ಯಾವೊಳೆ ಐನೂರ್ವರ ಬಗ್ಗೆ ಮಾತಾಡಿದ್ದೆ. ಆಧಾರವಾಗಿ ಇಟ್ಟುಕೊಂಡದ್ದು ಶಿಕಾರಿಪುರ 118ನೇ ಶಾಸನ. ಬಿ. ಎಲ್. ರೈಸ್ 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ 7ನೇ ಸಂಪುಟದಲ್ಲಿ ಪ್ರಕಟಿಸಿದ, ಹನ್ನೊಂದನೆಯ ಶತಮಾನದ ನಡುಭಾಗದ ಶಾಸನ ಅದು. ಚೇರ, ಚೋಳ, ಪಾಂಡ್ಯ, ಮಗಧ, ನೇಪಾಳ, ಪಾರಸ ಅಂತ ವರ್ತಕರು ಸುತ್ತಿದ ದೇಶಗಳ ಪಟ್ಟಿ. ಆಮೇಲೆ ಆನೆ, ಕುದುರೆ, ಮುತ್ತು, ಏಲಕ್ಕಿ, ಲವಂಗ, ಕರ್ಪೂರ, ಕಸ್ತೂರಿ ಅಂತ ಸರಕಿನ ಪಟ್ಟಿ. ಓದಿ ಮುಗಿಸಿದಾಗ ಜೋರು ಚಪ್ಪಾಳೆ. ಕೊನೆಗೆ ನಿವೃತ್ತ ಮೇಷ್ಟ್ರೊಬ್ಬರು ಹತ್ತಿರ ಬಂದು ಕೇಳಿದರು: "ಕರ್ಪೂರ ಓದಿದ್ರಿ, ಕಸ್ತೂರಿ ಓದಿದ್ರಿ. ಆಯುಧ ಯಾಕೆ ಬಿಟ್ರಿ, ಸಾರ್?"

ಬಿಟ್ಟದ್ದು ನಿಜ. ಸರಕಿನ ಪಟ್ಟಿ ಮುಗಿದ ಕೂಡಲೇ ಶಾಸನ ಹೇಳುವುದು ಇದು: ಈ ಮಾಲನ್ನು ಸಗಟಾಗಿಯೋ ಹೆಗಲ ಮೇಲೆ ಹೊತ್ತೋ ಮಾರುವ ವರ್ತಕರು ಚಕ್ರವರ್ತಿಯ ಚಿನ್ನದ ಭಂಡಾರ, ರತ್ನದ ಭಂಡಾರ, ಆಯುಧದ ಭಂಡಾರ ಮೂರನ್ನೂ ತುಂಬಿಸುತ್ತಾರೆ, ಉಳಿದದ್ದರಲ್ಲಿ ಪಂಡಿತರಿಗೆ, ಮುನಿಗಳಿಗೆ ದಾನ ಮಾಡುತ್ತಾರೆ. ನನ್ನ ಸ್ಲೈಡಿನಲ್ಲಿ ದಾನ ಇತ್ತು, ಮೂರನೆಯ ಭಂಡಾರ ಇರಲಿಲ್ಲ. ಬೇಕೆಂದೇ ತೆಗೆದೆನೋ, ಕಣ್ಣು ತಾನಾಗಿ ಜಾರಿತೋ, ಈಗಲೂ ನನಗೆ ಅನುಮಾನ. ಈ ಬರಹ ಆ ತಪ್ಪಿನ ತಿದ್ದುಪಡಿ. ಐನೂರ್ವರನ್ನು ಓದುವ ಎರಡು ಜನಪ್ರಿಯ ಕ್ರಮಗಳ ಬಗ್ಗೆ ನನ್ನ ತಕರಾರೂ ಹೌದು.

ಮೊದಲನೆಯದು ನಮ್ಮ ವಾಟ್ಸ್ಆ್ಯಪ್ ಗುಂಪುಗಳಲ್ಲಿ ದಿನಾ ಓಡಾಡುವ ಹೋಲಿಕೆ: ಐನೂರ್ವರು ಅಂದ್ರೆ "ನಮ್ಮ ಈಸ್ಟ್ ಇಂಡಿಯಾ ಕಂಪನಿ". ಎರಡೂ ದೂರದೇಶದ ವ್ಯಾಪಾರ ಮಾಡಿದವು, ಎರಡರ ಜೊತೆಗೂ ಶಸ್ತ್ರಧಾರಿಗಳಿದ್ದರು ಅನ್ನೋದಷ್ಟೇ ಇದಕ್ಕೆ ಆಧಾರ. ಆದರೆ 1600ರಲ್ಲಿ ಹುಟ್ಟಿದ ಕಂಪನಿಗೆ ರಾಣಿ ಕೊಟ್ಟ ಸನ್ನದು ಇತ್ತು, ಲಂಡನ್ನಿನಲ್ಲಿ ಒಂದು ಆಡಳಿತ ಮಂಡಳಿ ಇತ್ತು, ಷೇರುದಾರರಿದ್ದರು. ಹಾಗಾಗಿಯೇ 1765ರಲ್ಲಿ ಬಂಗಾಳದ ದಿವಾನಿ ಸಿಕ್ಕಾಗ ಕಂದಾಯ ವಸೂಲಿ ಮಾಡಲು ಅದರ ಬಳಿ ಒಂದು ತಲೆ, ಒಂದು ಖಜಾನೆ ತಯಾರಿತ್ತು. ಐನೂರ್ವರ ಶಾಸನಗಳಲ್ಲಿ ನಮಗೆ ಸಿಗುವುದು ಒಂದೊಂದು ಊರಿನಲ್ಲಿ ಸೇರಿದ ಸಭೆಗಳು, ಒಂದೇ ಪ್ರಶಸ್ತಿ, ಬಣಂಜುಧರ್ಮ ಎಂಬ ಒಂದು ಕಟ್ಟುಪಾಡು. ತಲೆಯಿಲ್ಲದ ಜಾಲ ಅದು. ಇಂಥ ಜಾಲ ರಾಜ್ಯವನ್ನು ನುಂಗೋದಿಲ್ಲ; ಅದಕ್ಕೆ ಅದರ ಅಗತ್ಯವೂ ಇರಲಿಲ್ಲ. ಕಂಪನಿಯ ಹೋಲಿಕೆ ನಮ್ಮ ಹೆಮ್ಮೆಗೆ ಒಗ್ಗುತ್ತದೆ, ಕಲ್ಲಿಗೆ ಒಗ್ಗೋದಿಲ್ಲ.

ಎರಡನೆಯದು ಗಂಭೀರವಾದ ಓದು. ಜಾರ್ಜ್ ಸ್ಪೆನ್ಸರ್ 1983ರಲ್ಲಿ ಚೋಳರ ಸಿಂಹಳ ಮತ್ತು ಶ್ರೀವಿಜಯ ದಂಡಯಾತ್ರೆಗಳ ಬಗ್ಗೆ ಬರೆದ ಪುಸ್ತಕದ ಒತ್ತು ಲೂಟಿಯ ಮೇಲೆ. ಊರೂರಿನ ಕಂದಾಯವನ್ನು ಪೂರ್ತಿಯಾಗಿ ಎಳೆದುಕೊಳ್ಳುವ ಬಿಗಿ ಆಡಳಿತ ಇಲ್ಲದ ಅರಸನಿಗೆ ಯುದ್ಧವೇ ಒಂದು ವರಮಾನ. ಸಾಮಂತರನ್ನೂ ಸೈನಿಕರನ್ನೂ ಕೈಯಲ್ಲಿ ಹಿಡಿದಿಡಲು ಹಂಚಲಿಕ್ಕೆ ಏನಾದರೂ ಬೇಕಲ್ಲ, ಅದನ್ನು ಹೊರಗಿನಿಂದ ತರಬೇಕಿತ್ತು ಎಂಬ ವಾದ.

ಈ ವಾದವನ್ನು ಸುಲಭವಾಗಿ ತಳ್ಳಿಹಾಕಲು ಆಗೋದಿಲ್ಲ. ಯಾಕೆಂದರೆ ಒಂದೇ ಯುದ್ಧದ ಎರಡು ಬದಿಯ ದಾಖಲೆ ನಮ್ಮ ಕೈಯಲ್ಲಿದೆ. ಶಕ 929ರ, ಅಂದರೆ ಕ್ರಿ.ಶ. 1007ರ ಹೊಟ್ಟೂರು ಶಾಸನದ ಪ್ರಕಾರ ಚೋಳ ಸೈನ್ಯ ಒಂಬತ್ತು ಲಕ್ಷದಷ್ಟು ಬಲದೊಂದಿಗೆ ಬಂದು ದೋಣೂರಿನಲ್ಲಿ ಬೀಡುಬಿಟ್ಟು, ನಾಡನ್ನು ಸೂರೆಮಾಡಿ ಹೆಂಗಸರು, ಮಕ್ಕಳು, ಬ್ರಾಹ್ಮಣರನ್ನು ಕೊಂದಿತು. ಒಂಬತ್ತು ಲಕ್ಷ ಅನ್ನೋದು ಶತ್ರು ಬರೆದ ಲೆಕ್ಕ, ಅದನ್ನು ಹಾಗೇ ನಂಬಬೇಕಾಗಿಲ್ಲ. ಸತ್ಯಾಶ್ರಯ ಅವರನ್ನು ಓಡಿಸಿ ವಾಹನ, ವಸ್ತುಗಳನ್ನು ಕಸಿದುಕೊಂಡ ಅಂತಲೂ ಅದೇ ಶಾಸನ ಹೇಳುತ್ತದೆ. ಇನ್ನು ತಂಜಾವೂರಿನ ದೊಡ್ಡ ಗುಡಿಯ ಗೋಡೆಗೆ ಬನ್ನಿ. ಅಲ್ಲಿ ರಾಜರಾಜ ಸತ್ಯಾಶ್ರಯನನ್ನು ಗೆದ್ದು ಬಂದು ದೇವರ ಪಾದಕ್ಕೆ ಅರ್ಪಿಸಿದ ಚಿನ್ನದ ಹೂಗಳ ದಾಖಲೆ ಇದೆ. ಹೊಟ್ಟೂರಿನ ಕಲ್ಲಿನಲ್ಲಿ ಹೆಣ, ತಂಜಾವೂರಿನ ಕಲ್ಲಿನಲ್ಲಿ ಹೂವು. ಆ ಗುಡಿಯ ಶಾಸನಗಳಲ್ಲೇ ಹಳ್ಳಿಯ ಸಭೆಗಳಿಗೆ ಕೊಟ್ಟ ಕಾಸಿನ ಲೆಕ್ಕವೂ ಉಂಟು. ವರ್ಷಕ್ಕೆ ಒಂದು ಕಾಸಿಗೆ ಅರೆಕಾಲು ಕಾಸು, ಅಂದರೆ ನೂರಕ್ಕೆ ಹನ್ನೆರಡೂವರೆ ಬಡ್ಡಿ. ಲೂಟಿಯ ಚಿನ್ನವೇ ಸಾಲವಾಯಿತು ಅಂತ ಯಾವ ಶಾಸನವೂ ಹೇಳೋದಿಲ್ಲ. ಆದರೆ ಗೆದ್ದು ತಂದ ಸಂಪತ್ತು ಮತ್ತು ಬಡ್ಡಿಗೆ ಬಿಟ್ಟ ಹಣ ಒಂದೇ ಗುಡಿಯ ಲೆಕ್ಕದಲ್ಲಿ ಕೂತಿವೆ ಅನ್ನೋದನ್ನು ಮರೆಯಬಾರದು.

ಹಾಗಾದರೆ ಸ್ಪೆನ್ಸರ್ ಓದಿನ ಬಗ್ಗೆ ನನ್ನ ತಕರಾರು ಏನು? ಅದರಲ್ಲಿ ಎಲ್ಲ ಬಾಣದ ಗುರುತುಗಳೂ ಅರಸನ ಕಡೆಗೇ ತಿರುಗುತ್ತವೆ. ಇಂಜಿನಿಯರ್ ಬುದ್ಧಿ ನೋಡಿ, ಒಂದು ವ್ಯವಸ್ಥೆಯ ಚಿತ್ರ ಬರೆದರೆ ವಾಪಸ್ ಬರುವ ಬಾಣ ಎಲ್ಲಿ ಅಂತ ನಾನು ಮೊದಲು ಹುಡುಕುತ್ತೇನೆ. ಲೂಟಿ ಒಂದು ಸಲ ಆಗುತ್ತದೆ. ಆಮೇಲೆ ಅಲ್ಲಿ ಉಳಿಯೋರು ಯಾರು?

1025ರ ಸುಮಾರಿಗೆ ರಾಜೇಂದ್ರನ ನೌಕಾಪಡೆ ಶ್ರೀವಿಜಯದ ಮೇಲೆ ದಾಳಿ ಮಾಡಿತು. ಸೈನ್ಯ ಹಿಂತಿರುಗಿತು. ಅರವತ್ತಮೂರು ವರ್ಷಗಳ ನಂತರ, ಶಕ 1010ರಲ್ಲಿ, ಅಂದರೆ 1088ರಲ್ಲಿ, ಸುಮಾತ್ರಾದ ಪಶ್ಚಿಮ ಕರಾವಳಿಯ ಬರೂಸ್ ಹತ್ತಿರದ ಲೋಬು ತುವಾದಲ್ಲಿ ಒಂದು ತಮಿಳು ಶಾಸನ ಹುಟ್ಟುತ್ತದೆ. ಹಾಕಿಸಿದವರು ಚೋಳ ಅಧಿಕಾರಿಗಳಲ್ಲ, ಐನೂರ್ವರು. ಬಂದ ಹಡಗಿನವರು ಕಸ್ತೂರಿಯ ಬೆಲೆಗೆ ಸಮನಾಗಿ ಚಿನ್ನದ ತೆರಿಗೆ ಕೊಟ್ಟ ಮೇಲೆಯೇ ಮುಂದಿನ ಹೆಜ್ಜೆ ಇಡಬೇಕು ಅನ್ನೋದು ಅದರ ಸಾರ. ಬರೂಸ್ ಎಂದರೆ ಏಷ್ಯಾಕ್ಕೆಲ್ಲ ಹೆಸರಾದ ಕರ್ಪೂರದ ಬಂದರು. ಸುಂಕ ವಸೂಲಿ ಸರ್ಕಾರದ ಕೆಲಸ. ಇಲ್ಲಿ ವರ್ತಕರೇ ಅದನ್ನು ಮಾಡುತ್ತಿದ್ದಾರೆ.

ಇನ್ನೊಂದು ಕಲ್ಲು ಶ್ರೀಲಂಕಾದ ಪೊಲೊನ್ನರುವದ್ದು. ಮೊದಲನೆಯ ವಿಜಯಬಾಹು ಚೋಳರ ಮೇಲೆ ಯುದ್ಧಕ್ಕೆ ಕಳಿಸಲು ಹೊರಟಾಗ ಅವನ ವೇಳೈಕ್ಕಾರ ಪಡೆ ಒಪ್ಪದೆ ದಂಗೆಯೆದ್ದಿತು ಅಂತ ಚೂಳವಂಸ ಹೇಳುತ್ತದೆ. ಅವನ ಕಾಲದ ನಂತರ, ಹನ್ನೆರಡನೆಯ ಶತಮಾನದ ಆರಂಭದಲ್ಲಿ, ಅದೇ ವೇಳೈಕ್ಕಾರರು ಬುದ್ಧನ ದಂತಧಾತುವಿನ ಗುಡಿಯ ಕಾವಲು ವಹಿಸಿಕೊಂಡು ಶಾಸನ ಹಾಕಿಸುತ್ತಾರೆ. ಆ ಒಪ್ಪಂದಕ್ಕೆ ಅವರು ತಮ್ಮ ಹಿರಿಯರು ಅಂತ ಕರೆಸಿಕೊಂಡದ್ದು ಯಾರನ್ನು? ವಳಂಜಿಯರನ್ನು, ಅಂದರೆ ನಮ್ಮ ಬಣಂಜಿಗರ ಬಳಗವನ್ನು, ಜೊತೆಗೆ ನಗರತ್ತಾರರನ್ನು. ಕೂಲಿಗೆ ಕಾದುವ ಪಡೆಯ ಹಿರಿತನ ವರ್ತಕರದ್ದು! ಅರಸನ ಮಾತು ಮೀರಿದವರು ಈ ಹಿರಿಯರ ಮುಂದೆ ಕೂತು ಮಾತು ಕೊಡುತ್ತಾರೆ.

ಇಷ್ಟನ್ನೂ ಜೋಡಿಸಿಕೊಂಡು ಶಿಕಾರಿಪುರದ ಕಲ್ಲಿಗೆ ವಾಪಸ್ ಬಂದರೆ ಮೂರನೆಯ ಭಂಡಾರದ ಮಾತು ಬರೀ ಹೊಗಳಿಕೆ ಅನ್ನಿಸೋದಿಲ್ಲ. ಅದೊಂದು ಕರಾರಿನ ನೆನಪೋಲೆ. ನಿಮ್ಮ ಆಯುಧಶಾಲೆ ತುಂಬುವುದು ನಮ್ಮಿಂದ, ನಮ್ಮ ದಾರಿ ಬಿಡಿ, ಸುಂಕದಲ್ಲಿ ರಿಯಾಯಿತಿ ಕೊಡಿ ಎಂಬ ಧ್ವನಿ ಅದರಲ್ಲಿದೆ. ವಡ್ಡರಾವುಳ, ಪೆರ್ಜುಂಕ, ಬಿಲ್ಕೊಡೆ ಅಂತ ಸುಂಕದ ಹೆಸರುಗಳಿಂದ ತುಂಬಿರುವ ಕಾಲ ಅದು. ಚಾಳುಕ್ಯ, ಚೋಳರ ಕಾಳಗ ಆ ಶತಮಾನವಿಡೀ ನಡೆಯಿತು. 1054ರ ಕೊಪ್ಪಂ ಯುದ್ಧದಲ್ಲಿ ರಾಜಾಧಿರಾಜ ಸತ್ತ. ಅದಕ್ಕೂ ಮೊದಲು ಅವನು ಕಲ್ಯಾಣವನ್ನು ಸುಟ್ಟು ತಂದ ದ್ವಾರಪಾಲಕ ಮೂರ್ತಿ ಇವತ್ತಿಗೂ ತಮಿಳುನಾಡಿನಲ್ಲಿದೆ. ಈ ಗಡಿಯ ಎರಡೂ ಕಡೆ ಐನೂರ್ವರ ಶಾಸನಗಳಿವೆ, ಅದೇ ಪ್ರಶಸ್ತಿಯ ಠೀವಿ ಕನ್ನಡದಲ್ಲೂ ತಮಿಳಿನಲ್ಲೂ. ತಮಿಳು ನಾಡಿನ ಕಡೆ ಅವರ ಕೆಲವು ನೆಲೆಗಳು ಎಱಿವೀರಪಟ್ಟಣ ಅನ್ನಿಸಿಕೊಂಡು ಶಸ್ತ್ರಧಾರಿಗಳ ಕಾವಲಿನ ಪೇಟೆಗಳಾದವು. ಯುದ್ಧ ದಾರಿಯನ್ನು ಅಪಾಯಕ್ಕೆ ತಳ್ಳಿತು, ಅಪಾಯ ವರ್ತಕನ ಕೈಗೆ ಆಳು ಕೊಟ್ಟಿತು, ಆಳಿದ್ದ ವರ್ತಕ ಇಬ್ಬರು ಅರಸರಿಗೂ ಬೇಕಾದವನಾದ. ಕುದುರೆ ಕೊಳ್ಳುವವರು ಎರಡು ಕಡೆ ಇದ್ದರೆ ಮಾರುವವನಿಗೆ ನಷ್ಟವೇನು?

ನಷ್ಟ ಆದದ್ದು ಯಾರಿಗೆ ಅನ್ನೋದು ಐನೂರ್ವರ ಪ್ರಶಸ್ತಿಯಲ್ಲಿ ಇಲ್ಲ. ಅದು ಹೊಟ್ಟೂರಿನಲ್ಲಿದೆ. ಇದು ಪ್ರಶಸ್ತಿಯ ಬಗ್ಗೆ ನನ್ನ ಕೊನೆಯ ಟೀಕೆ: ಭಂಡಾರ ತುಂಬಿದ ಲೆಕ್ಕ ಕೊಡುತ್ತದೆ, ಅದು ಯಾರ ಮೇಲೆ ಖಾಲಿಯಾಯಿತು ಅನ್ನೋದನ್ನು ಬೇರೆ ಕಲ್ಲಿಗೆ ಬಿಡುತ್ತದೆ. ಹಾಗಾಗಿ ಈ ಎರಡು ಶಾಸನಗಳನ್ನು ಬೇರೆಬೇರೆ ಅಧ್ಯಾಯಗಳಲ್ಲಿ, ಒಂದನ್ನು 'ವಾಣಿಜ್ಯ', ಇನ್ನೊಂದನ್ನು 'ರಾಜಕೀಯ' ಅಂತ ಓದಿಸುವ ನಮ್ಮ ರೂಢಿ ತಪ್ಪು.

ಮೇಷ್ಟ್ರ ಪ್ರಶ್ನೆ ಯಾಕೆ ಅಷ್ಟು ಚುಚ್ಚಿತು ಅನ್ನೋದನ್ನೂ ಹೇಳಿಬಿಡುತ್ತೇನೆ. ನಾನು ಕೆಲಸ ಮಾಡೋದು ಲೋಹದ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಯಲ್ಲಿ. ನಮ್ಮ ಆರ್ಡರುಗಳಲ್ಲಿ ಒಂದಷ್ಟು ರಕ್ಷಣಾ ಇಲಾಖೆಯ ಕೆಲಸಕ್ಕೆ ಹೋಗುತ್ತವೆ. ಗಡಿಯಲ್ಲಿ ಬಿಸಿ ಏರಿದರೆ ನಮ್ಮಲ್ಲಿ ಮೂರನೇ ಪಾಳಿ ಶುರುವಾಗುತ್ತದೆ, ಓವರ್‌ಟೈಮ್ ಸಿಗುತ್ತದೆ. ನನ್ನ ಮಗಳ ಶಾಲೆಯ ಫೀಸು ಅದರಲ್ಲೂ ಬಂದಿದೆ. ನಾಚಿಕೆ ಅಂತಲ್ಲ; ದೇಶಕ್ಕೆ ಸೈನ್ಯ ಬೇಕು, ಸೈನ್ಯಕ್ಕೆ ಬಿಡಿಭಾಗ ಬೇಕು. ಆದರೆ ಆವತ್ತು ಸ್ಲೈಡ್ ಮಾಡುವಾಗ ಕರ್ಪೂರ ಉಳಿಸಿ ಆಯುಧ ಬಿಟ್ಟ ಕೈ ನನ್ನದೇ.

ಈಗ ಸ್ಲೈಡ್ ತಿದ್ದಿದ್ದೇನೆ. ಮೂರೂ ಭಂಡಾರ ಹಾಕಿದ್ದೇನೆ, ಪಕ್ಕದಲ್ಲೇ ಹೊಟ್ಟೂರಿನ ಶಾಸನ. ಮುಂದಿನ ಸಲ ಚಪ್ಪಾಳೆ ಸ್ವಲ್ಪ ಕಡಿಮೆ ಆಗಬಹುದು. ಆಗಲಿ ಬಿಡಿ.