ಇಪ್ಪತ್ತೆರಡು ಮಿಲಿಮೀಟರಿನ ಗುಂಡು

ಕೃತಕ ಸೊಂಟದ ಕೀಲಿನ ಬಾಳಿಕೆ ಎಂದೊಡನೆ ಈಗ ಮಾತು ಸೆರಾಮಿಕ್, ಟೈಟಾನಿಯಂ, ರೋಬೋಟ್‌ಗಳ ಕಡೆ ಹೊರಳುತ್ತದೆ. ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯಲ್ಲಿ 1962ರಲ್ಲಿ ಶಸ್ತ್ರವೈದ್ಯ ಜಾನ್ ಚಾರ್ನ್ಲಿ ಕೂರಿಸಿದ ಕೀಲಿಗೆ ಸಿಗುವುದು ದೂರದಿಂದೊಂದು ನಮಸ್ಕಾರ ಅಷ್ಟೇ.

ಅದರ ಗುಂಡನ್ನೇ ನೋಡಿ. ನಮ್ಮ ತೊಡೆಮೂಳೆಯ ತಲೆ ಸುಮಾರು 45-50 ಮಿ.ಮೀ. ಚಾರ್ನ್ಲಿ ಇಟ್ಟದ್ದು 22.225 ಮಿ.ಮೀ., ಇಂಚಿನ ಎಂಟರಲ್ಲಿ ಏಳು ಪಾಲು. ಅಳತೆ ತಪ್ಪಿದಂತೆ ಕಾಣುತ್ತದೆ. ಆದರೆ ಹೆಜ್ಜೆ ಹೆಜ್ಜೆಗೂ ಕೀಲು ತಿರುಗುವ ಕೋನ ಅಷ್ಟೇ ಇರುವಾಗ, ಗುಂಡು ಚಿಕ್ಕದಾದಷ್ಟೂ ಅದು ತಾನು ಕೂರುವ ಬಟ್ಟಲಿನ ಮೇಲೆ ಉಜ್ಜುವ ದೂರ ಕಡಿಮೆ, ಉದುರುವ ಪುಡಿಯೂ ಕಡಿಮೆ. ಬಟ್ಟಲನ್ನು ಮೂಳೆಯಿಂದ ತಿರುಚಿ ಸಡಿಲಿಸುವ ಬಲವೂ ಇಳಿಯುತ್ತದೆ. ಚಿಕ್ಕ ಗುಂಡು ಬಟ್ಟಲಿನೊಳಗೆ ಹೆಚ್ಚು ಆಳಕ್ಕೆ ಕೊರೆಯುತ್ತದಲ್ಲ ಎನ್ನಬಹುದು. ಕೊರೆಯುತ್ತದೆ, ಆದರೆ ಗುಂಡು ಬಿಟ್ಟುಕೊಟ್ಟ ಜಾಗದಲ್ಲಿ ಬಟ್ಟಲನ್ನೇ ದಪ್ಪ ಮಾಡಿದ್ದರು. ಕೀಲು ತಪ್ಪುವ ಭಯ ಹೆಚ್ಚು, ನಿಜ. ಆ ದೂರು ಇರಲಿ.

ಇದೆಲ್ಲ ಪೆಟ್ಟು ತಿಂದು ಕಲಿತ ಪಾಠ. ಮೊದಲು ಹಾಕಿದ ಟೆಫ್ಲಾನ್ ಬಟ್ಟಲುಗಳು ಕೆಲವೇ ವರ್ಷಗಳಲ್ಲಿ ಸವೆದು, ನೂರಾರು ರೋಗಿಗಳು ಮತ್ತೆ ಶಸ್ತ್ರಚಿಕಿತ್ಸೆಯ ಮೇಜು ಹತ್ತಬೇಕಾಯಿತು. ಆಮೇಲೆ ಕೈಗೆ ಬಂದದ್ದು ಜವಳಿ ಯಂತ್ರದ ಗೇರಿಗೆ ಬಳಸುತ್ತಿದ್ದ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್. ಚಾರ್ನ್ಲಿ ಎರಡನ್ನೂ ತಮ್ಮ ತೊಡೆಯೊಳಗೇ ಇರಿಸಿಕೊಂಡು ಕಾದರು. ಟೆಫ್ಲಾನ್ ಇದ್ದ ಕಡೆ ಗಂಟು ಕಟ್ಟಿತು.

ಇನ್ನು ಅವರ ಟೀಕಾಕಾರರು. ಕೀಲಿನ ಸುತ್ತ ಮೂಳೆ ಕರಗುವುದನ್ನು ಕಂಡು, ಕೀಲನ್ನು ಮೂಳೆಗೆ ಅಂಟಿಸಿದ ಸಿಮೆಂಟಿನ ಮೇಲೆ ಗೂಬೆ ಕೂರಿಸಿದರು. 1987ರ ಹೊತ್ತಿಗೆ 'ಸಿಮೆಂಟ್ ರೋಗ' ಎಂಬ ಹೆಸರೂ ಹುಟ್ಟಿತು. ಸಿಮೆಂಟೇ ಇಲ್ಲದ ಕೀಲುಗಳು ಬಂದವು. ಅಲ್ಲೂ ಮೂಳೆ ಕರಗಿತು! ಸವೆದ ಪ್ಲಾಸ್ಟಿಕ್ಕಿನ ಪುಡಿಯನ್ನು ನುಂಗಿದ ರಕ್ಷಕ ಜೀವಕೋಶಗಳು ಕೆರಳಿ, ಮೂಳೆ ತಿನ್ನುವ ಕೋಶಗಳನ್ನು ಎಬ್ಬಿಸುತ್ತಿದ್ದವು. ಪುಡಿ ಕಡಿಮೆ ಮಾಡಿ ಎಂದು ಆ ಚಿಕ್ಕ ಗುಂಡು ಮೊದಲಿನಿಂದಲೂ ಹೇಳುತ್ತಿದ್ದದ್ದು ಇದನ್ನೇ. ಕೇಳದವರು ಪ್ಲಾಸ್ಟಿಕ್ಕನ್ನೇ ಕೈಬಿಟ್ಟು, ಲೋಹದ ಬಟ್ಟಲಿಗೆ ಲೋಹದ ದಪ್ಪ ಗುಂಡು ಕೂರಿಸಿದರು. ಹಾಗೆ ಬಂದ ಡಿಪ್ಯೂ ಕಂಪನಿಯ ಎಎಸ್‌ಆರ್ ಕೀಲನ್ನು 2010ರಲ್ಲಿ ಜಗತ್ತಿನಾದ್ಯಂತ ಹಿಂದಕ್ಕೆ ಕರೆಸಬೇಕಾಯಿತು.

ಹೊಸಬರದೂ ಸಾಧನೆ ಇಲ್ಲದಿಲ್ಲ. ವಿಕಿರಣ ಹಾಯಿಸಿ ಅಣುಸರಪಳಿಗಳನ್ನು ಹೆಣೆದ ಪಾಲಿಎಥಿಲೀನ್ 1990ರ ದಶಕದ ಕೊನೆಗೆ ಬಂತು; ಇಂದಿನ 32, 36 ಮಿ.ಮೀ. ಗುಂಡುಗಳ ಭಾರ ಹೊತ್ತಿರುವುದು ಅದೇ. ಆದರೆ 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿದ ಅಂದಾಜು, ಸೊಂಟದ ಕೀಲುಗಳಲ್ಲಿ ಸುಮಾರು 58% ಇಪ್ಪತ್ತೈದು ವರ್ಷ ಬಾಳುತ್ತವೆ ಎನ್ನುತ್ತದೆ. ಅಷ್ಟು ವರ್ಷ ದಾಟಿದ ಆ ಕೀಲುಗಳು ದೇಹ ಸೇರಿದ್ದು 1994ಕ್ಕೂ ಮುಂಚೆ, ಈ ಹೊಸ ಪ್ಲಾಸ್ಟಿಕ್ ಅಂಗಡಿಗೆ ಬರುವ ಮೊದಲು.