ಹೆಸರಿಲ್ಲದ ಹೂವೂ ಹೆಸರುಳ್ಳ ಹೂವೂ
(ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಗ್ರಂಥವನ್ನು ಕುರಿತು)

ಕೀರ್ತಿಶೇಷರಾದ ಡಿ. ವಿ. ಗುಂಡಪ್ಪನವರ ‘ವನಸುಮ’ವನ್ನು ಬಾಲ್ಯದಲ್ಲಿ ಬಾಯಿಪಾಠ ಮಾಡಿದವರು ಈ ಪತ್ರಿಕೆಯ ವಾಚಕರಲ್ಲಿ ಅನೇಕರಿರುವರು. ಕಾಡಿನ ಮರೆಯಲ್ಲಿ ಯಾರ ಹೊಗಳಿಕೆಯನ್ನೂ ಬಯಸದೆ ಅರಳುವ ಹೂವಿನ ಹಾಗೆ ತನ್ನ ಜೀವನವೂ ಅರಳಲೆಂದು ಕವಿಯು ಅಲ್ಲಿ ದೇವರನ್ನು ಬೇಡಿಕೊಳ್ಳುತ್ತಾನೆ. ಆ ಹೂವು ಯಾವುದು? ಎಸಳೆಷ್ಟು, ಗಿಡವೋ ಬಳ್ಳಿಯೋ? ಕವಿಯು ಹೇಳಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಹೆಸರಿಲ್ಲದಿರುವುದೇ ಆ ಹೂವಿನ ಗುಣ. ಹೀಗಿರಲಾಗಿ, ಅದೇ ಕವಿಯ ಪುತ್ರರು ಕಾಡನ್ನು ಹೊಕ್ಕು, ಭೂತಗನ್ನಡಿಯನ್ನು ಕೈಯಲ್ಲಿ ಹಿಡಿದು, ಹೂವಿನ ಮುಂದೆ ಕುಳಿತು ‘ನಿನ್ನ ಕುಲವಾವುದು, ನಿನ್ನ ಹೆಸರೇನು, ನಿನಗೆ ಈ ಹೆಸರನ್ನಿಟ್ಟವರಾರು?’ ಎಂದು ವಿಚಾರಿಸತೊಡಗಿದುದು ನಮ್ಮ ಸಾಹಿತ್ಯದ ವಿನೋದಗಳಲ್ಲೊಂದು.

ಸ್ವಾಮಿಯವರ ‘ಹಸುರು ಹೊನ್ನು’ ಆ ವಿಚಾರಣೆಯ ಕಥೆ. ಇದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ಬಂದಿತು. ಅಂದಿನಿಂದ ಇಂದಿನವರೆಗೆ ಇದನ್ನು ಹೊಗಳಿದವರೆಲ್ಲರೂ ಬಹುಮಟ್ಟಿಗೆ ಇದರ ಹಾಸ್ಯವನ್ನೇ ಹೊಗಳಿರುವರು. ಹಾಸ್ಯವುಂಟು, ಸಂಶಯವಿಲ್ಲ. ಆದರೆ ಈ ಗ್ರಂಥದ ಪ್ರಾಣವಿರುವುದು ಹಾಸ್ಯದಲ್ಲಲ್ಲ, ಹೆಸರುಗಳಲ್ಲಿ ಎಂಬುದು ನಮ್ಮ ಅಭಿಪ್ರಾಯ. ಹೂವಿಗೆ ಶಾಸ್ತ್ರೀಯವಾಗಿ ಹೆಸರಿಡುವುದೆಂದರೆ ಅದನ್ನು ಕೊಯ್ದು, ಒತ್ತಿ, ಒಣಗಿಸಿ, ಕಾಗದಕ್ಕೆ ಅಂಟಿಸಿ ಕಪಾಟಿನಲ್ಲಿಡುವುದು. ಅಲ್ಲಿಗೆ ರಸವು ಮುಗಿಯಿತು ಎಂದು ರಸಿಕರು ಆಕ್ಷೇಪಿಸುವುದುಂಟು. ನಾವೂ ಒಂದು ಕಾಲದಲ್ಲಿ ಹಾಗೆಯೇ ಎಣಿಸಿದ್ದೆವು. ಆ ಎಣಿಕೆಯನ್ನು ಕೆಡಿಸಿದ ಪುಸ್ತಕವಿದು.

ಗ್ರಂಥಕರ್ತರ ವಿಷಯವಾಗಿ ಎರಡು ಮಾತು. ಅವರು ಜನಿಸಿದ್ದು 1918ರಲ್ಲಿ, ನಿಧನರಾದದ್ದು 1980ರಲ್ಲಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಅಮೆರಿಕೆಯ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಇರ್ವಿಂಗ್ ಬೈಲಿ ಎಂಬ ಆಚಾರ್ಯರ ಬಳಿ ಸಂಶೋಧನೆ ನಡೆಯಿಸಿ, ಬಳಿಕ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರೂ ಪ್ರಾಂಶುಪಾಲರೂ ಆಗಿದ್ದರು. ಸಸ್ಯಗಳ ಒಳರಚನೆಯೂ ಭ್ರೂಣದ ಬೆಳವಣಿಗೆಯೂ ಅವರ ಮುಖ್ಯ ವ್ಯಾಸಂಗ. ಹೂಬಿಡುವ ಸಸ್ಯಗಳಲ್ಲಿ ಅತಿ ಪುರಾತನವಾದವು ಯಾವುವೆಂಬ ಪ್ರಶ್ನೆಗೆ ಬೈಲಿಯವರು ಮರದ ಕಾಷ್ಠದಲ್ಲಿ ಉತ್ತರವನ್ನು ಹುಡುಕುತ್ತಿದ್ದರು. ನೀರನ್ನು ಮೇಲಕ್ಕೆ ಕೊಂಡೊಯ್ಯುವ ನಳಿಗೆಗಳು ಯಾವ ಗಿಡದ ಕಾಷ್ಠದಲ್ಲಿ ಇಲ್ಲವೋ ಅದು ಪ್ರಾಚೀನ ಲಕ್ಷಣವನ್ನು ಉಳಿಸಿಕೊಂಡಿರುವುದೆಂದು ಅವರ ಮತ. ಸಾರ್ಕಾಂಡ್ರ ಎಂಬ ಕುಲದ ಗಿಡಗಳಲ್ಲಿ ಅಂಥ ನಳಿಗೆಗಳಿಲ್ಲವೆಂದು ಗುರುಶಿಷ್ಯರಿಬ್ಬರೂ ಕೂಡಿ 1950ರಲ್ಲಿ ಪ್ರಕಟಿಸಿದರು. ಮೂರು ವರ್ಷಗಳ ಮೇಲೆ ಸ್ವಾಮಿಯವರು ದಕ್ಷಿಣ ಭಾರತದ ಒಂದು ಗಿಡವನ್ನು ಆ ಕುಲದ ಹೊಸ ಪ್ರಭೇದವೆಂದು ನಿರ್ಣಯಿಸಿ ಅದಕ್ಕೆ ‘ಸಾರ್ಕಾಂಡ್ರ ಇರ್ವಿಂಗ್‌ಬೈಲಿಯೈ’ ಎಂದು ಹೆಸರಿಟ್ಟರು.

ಪಾಠಶಾಲೆಯಲ್ಲಿ ಓದಿದ ನಮಗೆ ಇದರ ಅರ್ಥ ಥಟ್ಟನೆ ಹೊಳೆಯುತ್ತದೆ. ಇದು ಗುರುದಕ್ಷಿಣೆ. ಹಿಂದಿನವರು ಗೋವನ್ನಿತ್ತರು, ವಸ್ತ್ರವನ್ನಿತ್ತರು. ಇವರು ಒಂದು ಗಿಡವನ್ನಿತ್ತರು. ಆದರೆ ಕಥೆಯು ಅಲ್ಲಿಗೆ ಮುಗಿಯಲಿಲ್ಲ. ಸ್ವಾಮಿಯವರು ಗತಿಸಿದ ಏಳು ವರ್ಷಗಳ ಮೇಲೆ, 1987ರಲ್ಲಿ, ಕಾರ್ಲ್‌ಕ್ವಿಸ್ಟ್ ಎಂಬ ವಿದ್ವಾಂಸರು ಅದೇ ಸಾರ್ಕಾಂಡ್ರ ಕುಲದ ಗಿಡದ ಕಾಷ್ಠದಲ್ಲಿ ನಳಿಗೆಗಳನ್ನು ಕಂಡು ತೋರಿಸಿದರು. ಲಕ್ಷಣವು ತಪ್ಪಿತು. ಹೆಸರನ್ನು ಮಾತ್ರ ಆ ಕಾರಣಕ್ಕಾಗಿ ಯಾರೂ ಅಳಿಸುವಂತಿಲ್ಲ. ಅದು ಶಾಸ್ತ್ರದ ಕಟ್ಟುಪಾಡು: ಒಮ್ಮೆ ವಿಧಿಪೂರ್ವಕವಾಗಿ ಪ್ರಕಟವಾದ ಹೆಸರನ್ನು ಅದು ಒಪ್ಪುವುದಿಲ್ಲವೆಂಬಷ್ಟಕ್ಕೇ ತೆಗೆದುಹಾಕಲಾಗದು, ಮೊದಲು ಇಟ್ಟದ್ದೇ ಮೊದಲು.

ಇಲ್ಲಿ ನಮ್ಮ ತಾರ್ಕಿಕರ ವಿಭಾಗವೊಂದು ನೆನಪಿಗೆ ಬರುವುದು. ಅವರು ಶಬ್ದಗಳನ್ನು ಯೌಗಿಕ, ರೂಢ, ಯೋಗರೂಢ ಎಂದು ವಿಂಗಡಿಸುವರು. ಅವಯವಗಳಿಂದ ಅರ್ಥವನ್ನು ಕೊಡುವುದು ಯೌಗಿಕ. ಅವಯವಾರ್ಥವಿಲ್ಲದೆ ವಾಡಿಕೆಯಿಂದಲೇ ನಿಂತದ್ದು ರೂಢ. ಎರಡೂ ಕೂಡಿದ್ದು ಯೋಗರೂಢ. ಕೆಸರಿನಲ್ಲಿ ಹುಟ್ಟುವುದೆಲ್ಲವೂ ಪಂಕಜವಲ್ಲ, ತಾವರೆಯೊಂದೇ. ಲ್ಯಾಟಿನ್ ಹೆಸರುಗಳನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಿದರೆ ಅವುಗಳ ಭಯವು ಅರ್ಧ ಇಳಿಯುವುದು. ನಮ್ಮ ಸಾಯಗಾಂವದಿಂದ ಭಾಲ್ಕಿಗೆ ಹೋಗುವವರಿಗೆ ತಂಗಡಿಯ ಗಿಡ ಹೊಸದಲ್ಲ. ದಕ್ಷಿಣದವರು ಅದನ್ನೇ ಆವರಿಕೆ ಎನ್ನುವರು, ಮರಾಠಿಯವರು ತರವಡ ಎನ್ನುವರು. ಗಡಿಯಾಚೆಯ ತೆಲುಗರು ತಂಗೇಡು ಎಂದು ಕರೆದು ಬತುಕಮ್ಮ ಹಬ್ಬದಲ್ಲಿ ಅದರ ಹೊನ್ನಿನ ಬಣ್ಣದ ಹೂವನ್ನು ಒಟ್ಟುವರು. ತೊಗಲನ್ನು ಹದಮಾಡುವವರಿಗೆ ಬೇಕಾದದ್ದು ಅದರ ತೊಗಟೆ. 1753ರಲ್ಲಿ ಲಿನ್ನೇಯಸನು ಅದಕ್ಕೆ ಇಟ್ಟ ಹೆಸರು ‘ಆರಿಕ್ಯುಲೇಟ’, ಎಂದರೆ ಕಿವಿಯುಳ್ಳದ್ದು. ಎಲೆಯ ಬುಡದಲ್ಲಿ ಎರಡು ಪುಟ್ಟ ಕಿವಿಗಳುಂಟು, ಬೇಕಾದವರು ನೋಡಬಹುದು. ಅರವತ್ತು ವರ್ಷ ಆ ಗಿಡದ ಮಗ್ಗುಲಲ್ಲಿ ನಡೆದಾಡಿದ ನಾನು ಆ ಕಿವಿಗಳನ್ನು ಕಂಡದ್ದು ಹೆಸರಿನ ಅರ್ಥ ತಿಳಿದ ಮೇಲೆ. ಇದು ಶುದ್ಧ ಯೌಗಿಕ.

ಮುತ್ತುಗದ ಗತಿ ಬೇರೆ. ಅಮರಸಿಂಹನು ಅದಕ್ಕೆ ಪಲಾಶ, ಕಿಂಶುಕ, ಪರ್ಣ ಮೊದಲಾದ ಹೆಸರುಗಳನ್ನು ಹೇಳಿರುವನು. ಎಲೆಯೇ ಪ್ರಧಾನವಾದುದರಿಂದ ಪಲಾಶ, ಪರ್ಣ. ಪತ್ರಾವಳಿ ಹಚ್ಚುವ ಮನೆಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೂವು ಗಿಳಿಯ ಕೊಕ್ಕಿನಂತಿರುವುದರಿಂದ ‘ಇದೇನು ಗಿಳಿಯೇ?’ ಎಂದು ಕಿಂಶುಕ. ಶಾಸ್ತ್ರದಲ್ಲಿ ಅದಕ್ಕೆ ‘ಬ್ಯೂಟಿಯ’ ಎಂಬ ಕುಲನಾಮ. ಬ್ಯೂಟ್ ಎಂಬ ಬಿಲಾತಿಯ ಪ್ರಭುವೊಬ್ಬನಿದ್ದನು. 1762ರಲ್ಲಿ ಅಲ್ಲಿಯ ಪ್ರಧಾನಮಂತ್ರಿಯಾದವನು, ಸಸ್ಯವಿದ್ಯೆಗೆ ಪೋಷಕ. ಅವನ ಹೆಸರು ನಮ್ಮ ಬ್ರಹ್ಮಚಾರಿಗಳ ದಂಡಕ್ಕೆ ಅಂಟಿಕೊಂಡಿತು! ಇದಕ್ಕಿಂತ ರೂಢವಾದ ಹೆಸರುಂಟೇ?

ಹದಿನೆಂಟನೆಯ ಶತಮಾನದಲ್ಲಿಯೇ ಈ ಅನ್ಯಾಯವನ್ನು ಕಂಡು ಮರುಗಿದವನೊಬ್ಬನಿದ್ದನು: ಶಾಕುಂತಲವನ್ನು ಇಂಗ್ಲಿಷಿಗೆ ತಂದ ಸರ್ ವಿಲಿಯಂ ಜೋನ್ಸ್. ಭಾರತದ ಗಿಡಗಳಿಗೆ ಭಾರತದ ಹೆಸರೇ ಇರಬೇಕು, ಲಿನ್ನೇಯಸನಿಗೆ ಸಂಸ್ಕೃತ ತಿಳಿದಿದ್ದರೆ ಅವನೂ ಹಾಗೆಯೇ ಮಾಡುತ್ತಿದ್ದನು ಎಂದು ಅವನು ಬರೆದಿರುವನು. ಆಮೇಲೆ ನಡೆದದ್ದನ್ನು ನೋಡಿ. ರಾಕ್ಸ್‌ಬರೋ ಎಂಬ ಸಸ್ಯಶಾಸ್ತ್ರಜ್ಞನು ನಮ್ಮ ಅಶೋಕಕ್ಕೆ ಹೆಸರಿಡಬೇಕಾಗಿ ಬಂದಾಗ, ಗೌರವಾರ್ಥವಾಗಿ, ಅದನ್ನು ‘ಜೋನೇಸಿಯ ಅಶೋಕ’ ಎಂದು ಕರೆದನು! ಆದರೆ 1767ರಲ್ಲಿಯೇ ಲಿನ್ನೇಯಸನು ಅದೇ ಕುಲಕ್ಕೆ ‘ಸರಾಕ’ ಎಂದು ಹೆಸರಿಟ್ಟಿದ್ದುದರಿಂದ ಜೋನ್ಸನ ಹೆಸರು ಬಿದ್ದುಹೋಯಿತು. ಲಿನ್ನೇಯಸನು ‘ಇಂಡಿಕ’ ಎಂದು ಕರೆದ ಮರವಾದರೋ ಜಾವಾ ದ್ವೀಪದ್ದು. ನಮ್ಮ ಮರವು ಬೇರೆಯೆಂದು ಡಿ ವೈಲ್ಡ್ ಎಂಬುವರು 1968ರಲ್ಲಿ ವಿಂಗಡಿಸಿದ ಮೇಲೆ ಅದಕ್ಕೆ ‘ಸರಾಕ ಅಶೋಕ’ ಎಂಬ ಹೆಸರು ನಿಂತಿತು. ಜೋನ್ಸನು ಬಯಸಿದ್ದು ಸುಮಾರು ನೂರೆಪ್ಪತ್ತು ವರ್ಷಗಳ ಮೇಲೆ ಅರ್ಧಾಂಶ ಕೈಗೂಡಿತು.

ಅಶೋಕದ ಮಾತು ಬಂದುದರಿಂದ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಲೇಬೇಕು. ನಾನು ಅನೇಕ ವರ್ಷ ಮಕ್ಕಳಿಗೆ ಅಮರಕೋಶದ ವನೌಷಧಿವರ್ಗವನ್ನು ಹೇಳಿಕೊಟ್ಟವನು. ಹುಡುಗರು ತೊದಲದೆ ಒಪ್ಪಿಸುತ್ತಿದ್ದರು; ಅದರಲ್ಲಿ ನನಗೆ ಹೆಮ್ಮೆಯೂ ಇತ್ತು. ನಮ್ಮ ಶಾಲೆಯ ಅಂಗಳದಲ್ಲಿ ಕಂಬದ ಹಾಗೆ ನೆಟ್ಟಗೆ ಬೆಳೆದ ಮರಗಳ ಸಾಲೊಂದಿತ್ತು. ಎಲ್ಲರೂ ಅಶೋಕವೆಂದೇ ಕರೆಯುತ್ತಿದ್ದರು, ನಾನೂ ಅದನ್ನೇ ತೋರಿಸುತ್ತಿದ್ದೆನು. ಒಂದು ದಿನ ಕುರಿ ಸಾಕುವ ಮನೆಯ ಹುಡುಗನೊಬ್ಬನು ಎದ್ದು ನಿಂತು, “ಗುರುಗಳೆ, ಅಶೋಕದ ಹೂ ಕೆಂಪ ಇರ್ತದ ಅಂತ ಹೇಳ್ದಿರಿ. ನಮ್ಮ ಸಾಲಿ ಗಿಡಕ್ಕ ಹಸರ ಹೂ ಆಗ್ಯಾವಲ್ರಿ?” ಎಂದು ಕೇಳಿದನು. ಹೆಂಗಸರ ಪಾದಾಘಾತದಿಂದ ಅಶೋಕವು ಹೂಬಿಡುವುದೆಂದು ವರ್ಣಿಸುವ ಕಾವ್ಯಗಳನ್ನು ಓದಿದ್ದ ನನಗೆ ಉತ್ತರವು ನಾಲಗೆಯ ತುದಿಯಲ್ಲಿಯೇ ಇತ್ತು: “ಅದು ಕವಿಸಮಯ, ಕೂತುಕೊಳ್ಳಪ್ಪ.” ಅವನು ಕುಳಿತನು. ಉಳಿದವರು ನಕ್ಕರು.

ಕವಿಸಮಯವಾಗಿರಲಿಲ್ಲ, ಕವಿಗಳು ಕಣ್ಣಾರೆ ಕಂಡದ್ದನ್ನೇ ಬರೆದಿದ್ದರು. ಕಾಣದವನು ನಾನು. ಶಾಲೆಯಂಗಳದ ಮರಕ್ಕೂ ಅಶೋಕಕ್ಕೂ ಯಾವ ನಂಟೂ ಇಲ್ಲ. ಅದು ಸೀತಾಫಲದ ಕುಟುಂಬಕ್ಕೆ ಸೇರಿದ್ದು. ನಿಜವಾದ ಅಶೋಕವು ಮುತ್ತುಗ, ತಂಗಡಿಗಳ ಬಳಗದ್ದು. ‘ಹಸುರು ಹೊನ್ನ’ನ್ನು ಓದಿದ ಮೇಲೆ ಆ ಹುಡುಗನ ಪ್ರಶ್ನೆಯು ಮತ್ತೆ ಕಾಡಿತು, ಬೆಂಗಳೂರಿಗೆ ಹೋದಾಗ ಲಾಲ್‌ಬಾಗಿನಲ್ಲಿ ಅಶೋಕವನ್ನು ಹುಡುಕಿ ನೋಡಿದೆನು. ಕಿತ್ತಳೆಗೆಂಪಿನ ಗೊಂಚಲುಗಳು ಕೊಂಬೆಗೇ ಅಂಟಿಕೊಂಡಂತಿದ್ದವು. ಆ ಹೂವಿಗೆ ಎಸಳುಗಳೇ ಇಲ್ಲವಂತೆ. ಬಣ್ಣವೆಲ್ಲವೂ ಹೊರಗಿನ ಪುಷ್ಪಪಾತ್ರದ್ದು. ನಲವತ್ತು ವರ್ಷ ಪರ್ಯಾಯಪದಗಳನ್ನು ಬಲ್ಲವನಿಗೆ ಪದಾರ್ಥವು ಸಿಕ್ಕಿದ್ದು ಅಂದು. ಗಿಡಗಳ ಹೆಸರು ರೂಪಗಳನ್ನು ಕಾಡಿನಲ್ಲಿರುವ ಗೊಲ್ಲರೂ ಕುರಿಗಾಹಿಗಳೂ ಬಲ್ಲರೆಂದು ಚರಕಸಂಹಿತೆಯು ಆರಂಭದಲ್ಲಿಯೇ ಹೇಳುತ್ತದೆ. ಅದನ್ನೂ ನಾನು ಪಾಠ ಹೇಳಿದ್ದೆನು.

ಇನ್ನು ಗ್ರಂಥದ ವಿಚಾರ. ಸಸ್ಯಶಾಸ್ತ್ರದ ವಿದ್ಯಾರ್ಥಿಗಳನ್ನು ಕರೆದುಕೊಂಡು ಅಧ್ಯಾಪಕರು ಕಾಡುಮೇಡುಗಳಲ್ಲಿ ಪ್ರವಾಸ ಹೊರಡುವುದು, ದಾರಿಯಲ್ಲಿ ಸಿಕ್ಕಿದ ಗಿಡದ ಸುತ್ತ ಮಾತು ಬೆಳೆಯುವುದು: ಇಷ್ಟೇ ಇದರ ಕಥಾವಸ್ತು. ಹಳೆಯ ಚಂಪೂಕಾರರು ಅಷ್ಟಾದಶ ವರ್ಣನೆಗಳಿಗಾಗಿ ನಾಯಕನನ್ನು ವನವಿಹಾರಕ್ಕೆ ಕಳುಹಿಸುತ್ತಿದ್ದರು. ಅಲ್ಲಿ ಮರಗಳ ಹೆಸರುಗಳು ಪ್ರಾಸಕ್ಕಾಗಿ ಸಾಲುಗಟ್ಟಿ ನಿಲ್ಲುತ್ತಿದ್ದವೇ ಹೊರತು ಯಾವ ಮರವೂ ಕಣ್ಣಿಗೆ ಕಟ್ಟುತ್ತಿರಲಿಲ್ಲ. ಸ್ವಾಮಿಯವರ ವನವಿಹಾರದಲ್ಲಿ ಒಂದೊಂದು ಹೆಸರಿನ ಮುಂದೆಯೂ ನಾವು ನಿಲ್ಲಬೇಕಾಗುವುದು. ಊರವರು ಏನೆನ್ನುವರು, ಶಾಸ್ತ್ರವು ಏನೆನ್ನುವುದು, ಹಾಗೆ ಕರೆದವನು ಯಾರು, ಏಕೆ ಕರೆದನು ಎಂದು ಅವರು ಬಿಡಿಸುತ್ತಾ ಹೋದಂತೆ ಹೆಸರೇ ಒಂದು ಪಾತ್ರವಾಗುವುದು. ಜೊತೆಗೆ ಅವರು ಸ್ವಹಸ್ತದಿಂದ ಬರೆದ ರೇಖಾಚಿತ್ರಗಳುಂಟು. ಛಾಯಾಚಿತ್ರವು ಎಲ್ಲವನ್ನೂ ತೋರಿಸುವುದು. ಇವರ ರೇಖೆಯು ನೋಡಬೇಕಾದುದನ್ನು ತೋರಿಸುವುದು. ‘ಶಾಸನಗಳಲ್ಲಿ ಗಿಡಮರಗಳು’ ಎಂಬ ಇವರ ಇನ್ನೊಂದು ಪುಸ್ತಕದಲ್ಲಿ ಕಲ್ಲಿನಲ್ಲಿ ಕೊರೆದ ಹೆಸರುಗಳಿಗೂ ಇದೇ ವಿಚಾರಣೆ ನಡೆದಿರುವುದು. ಅದನ್ನು ಓದುವವರು ಕಡಮೆ, ವ್ಯಸನದ ಸಂಗತಿ.

ಆ ಕಾಲದಲ್ಲಿಯೇ ಬೆಂಗಳೂರಿನ ಇನ್ನೊಬ್ಬರು, ಸೇಂಟ್ ಜೋಸೆಫ್ ಕಾಲೇಜಿನ ಪಾದ್ರಿ ಸೆಸಿಲ್ ಸಲ್ಡಾನ್ಹಾ ಅವರು, ಹಾಸನ ಜಿಲ್ಲೆಯ ಸಸ್ಯಗಳನ್ನೆಲ್ಲ ಕಲೆಹಾಕಿ, ಅಮೆರಿಕೆಯ ನಿಕೊಲ್ಸನ್‌ರೊಡನೆ 1976ರಲ್ಲಿ ಇಂಗ್ಲಿಷಿನಲ್ಲಿ ದೊಡ್ಡ ಗ್ರಂಥವನ್ನು ಹೊರತಂದರು. ಆಮೇಲೆ ಕರ್ನಾಟಕವೆಲ್ಲದರ ಸಸ್ಯಸಂಪತ್ತಿಗೆ 1984ರಲ್ಲಿಯೂ 1996ರಲ್ಲಿಯೂ ಎರಡು ಸಂಪುಟಗಳನ್ನು ಕೊಟ್ಟರು. ಹೆಸರುಗಳ ನಿಷ್ಕರ್ಷೆಗೆ ಅದೇ ಪ್ರಮಾಣ. ಅದರಲ್ಲಿ ರಸವನ್ನು ಹುಡುಕುವುದು ಸೂತ್ರದಲ್ಲಿ ಶೃಂಗಾರವನ್ನು ಹುಡುಕಿದಂತೆ. ಸೂತ್ರವಿಲ್ಲದೆ ಭಾಷ್ಯವಿಲ್ಲವೆಂಬುದನ್ನು ಮರೆಯತಕ್ಕದ್ದಲ್ಲ. ಆದರೆ ನಮ್ಮ ಮನೆಗಳಲ್ಲಿ ಓದಿಸಬೇಕಾದದ್ದು ಭಾಷ್ಯವನ್ನೇ.

ದೋಷಗಳನ್ನು ಹೇಳದೆ ಬಿಟ್ಟರೆ ಇದು ಸ್ತೋತ್ರವಾದೀತು. ಹಾಸ್ಯವು ಕೆಲವೆಡೆ ಮಿತಿಮೀರಿ, ವಿದ್ಯಾರ್ಥಿಗಳ ತುಂಟತನವೇ ಮುಂದೆ ನಿಂತು, ಗಿಡವು ಅವರ ಬೆನ್ನ ಹಿಂದೆ ಮರೆಯಾಗುತ್ತದೆ. ತರಗತಿಯಲ್ಲಿ ನಿದ್ದೆಗೆಡಿಸಲು ಅಧ್ಯಾಪಕರು ಮಾಡುವ ಉಪಾಯವಿದು, ನಮಗೂ ಅಭ್ಯಾಸವುಂಟು, ಆದರೆ ಎಚ್ಚರವಾಗಿ ಕುಳಿತ ಓದುಗನಿಗೆ ಅದು ಬೇಡ. ಎರಡನೆಯದು, ಇದರ ಹಸುರು ಮಳೆನಾಡಿನ ಹಸುರು. ಘಟ್ಟದ ಕಾಡಿನಲ್ಲಿ ಹೊನ್ನನ್ನು ಕಾಣಲು ಹೆಚ್ಚು ಕಷ್ಟಪಡಬೇಕಾಗಿಲ್ಲ. ಬೀದರಿನ ಕೆಂಪು ಮುರಕಲ್ಲಿನ ಮೇಲೆ, ಮಾಂಜ್ರಾ ದಂಡೆಯ ಎರೆಯ ಬದುವಿನ ಮೇಲೆ, ಚೈತ್ರದ ಬಿಸಿಲಿನಲ್ಲಿ ಎಲೆಯುದುರಿ ಬರಿದಾದ ಮುತ್ತುಗವು ಉರಿದಂತೆ ಹೂಬಿಡುವುದಲ್ಲ, ಆ ಸೊಗಸಿಗೆ ಇಂಥ ಲೇಖನಿಯೊಂದು ಇನ್ನೂ ದೊರೆತಿಲ್ಲ. ಇಲ್ಲಿ ಒಂದೇ ಗಿಡಕ್ಕೆ ಕನ್ನಡದಲ್ಲೊಂದು, ಮರಾಠಿಯಲ್ಲೊಂದು, ತೆಲುಗಿನಲ್ಲೊಂದು, ಉರ್ದುವಿನಲ್ಲೊಂದು ಹೆಸರು. ಒಂದೇ ಓಣಿಯ ನಾಲ್ಕು ಮನೆಗಳಲ್ಲಿ ನಾಲ್ಕು. ಸ್ವಾಮಿಯವರಂಥ ವಿಚಾರಕರಿಗೆ ಎಂಥ ಸುಗ್ಗಿಯಾಗುತ್ತಿತ್ತು!

ಈ ಲೇಖನದಲ್ಲಿ ಪುಟಗಳ ಸಂಖ್ಯೆಯನ್ನು ಕೊಟ್ಟಿಲ್ಲವೆಂದು ಕೆಲವರು ಆಕ್ಷೇಪಿಸಬಹುದು. ಅಂದು ಪ್ರಶ್ನೆ ಕೇಳಿದ ಹುಡುಗನು ಈಗ ಔರಾದಿನ ಕಡೆ ಶಾಲೆಯೊಂದರಲ್ಲಿ ಉಪಾಧ್ಯಾಯನಾಗಿರುವನು. ಕಳೆದ ಶ್ರಾವಣದಲ್ಲಿ ಮನೆಗೆ ಬಂದಾಗ ನನ್ನ ತಪ್ಪನ್ನು ಅವನಿಗೆ ಹೇಳಿ, ಪುಸ್ತಕವನ್ನು ಕೈಗಿತ್ತೆನು. ಅವನಿಗೆ ಆ ದಿನದ ನೆನಪೇ ಇರಲಿಲ್ಲ. ಪುಸ್ತಕವನ್ನು ಮಾತ್ರ ಇನ್ನೂ ಹಿಂದಿರುಗಿಸಿಲ್ಲ.